ಕೋಳಿಯ ಹಿಕ್ಕೆಯನ್ನು ನೋಡುವವರಾರು?

ಸವಣೂರು ಎಂದೊಡನೆ ಪರ ಊರಿನವರಿಗೆ ನೆನಪಾಗುವುದು ಮೂರು: ದೊಡ್ಡಹುಣಸೆಯ ಮರಗಳು, ಖಾರಾ, ಮತ್ತು ಎಲೆ. ಎಲೆಯೆಂದರೆ ವೀಳ್ಯದೆಲೆಯೇ ಎಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಎಲೆಯ ವಿಷಯವಾಗಿ ದೂರದ ಯುರೋಪಿನವರು ಮಾಡಿದ ಒಂದು ಕಟ್ಟಳೆಯಿಂದ ನಮ್ಮ ಮಾತನ್ನು ಪ್ರಾರಂಭಿಸುತ್ತೇವೆ.

2016ರ ಫೆಬ್ರುವರಿಯಲ್ಲಿ ಯುರೋಪಿಯನ್ ಒಕ್ಕೂಟವು ಭಾರತದಿಂದ ಬರುವ ವೀಳ್ಯದೆಲೆಗೆ ಷರತ್ತು ಹಾಕಿತು. ಸಾಲ್ಮೊನೆಲ್ಲಾ ಎಂಬ ರೋಗಾಣುವಿಗಾಗಿ ಎಲೆಯನ್ನು ಪರೀಕ್ಷೆ ಮಾಡಿಸಿರಬೇಕು, ಪರೀಕ್ಷೆಯ ವರದಿ ಮತ್ತು ಸರಕಾರದ ಪ್ರಮಾಣಪತ್ರ ಸರಕಿನ ಜೊತೆಗೇ ಬರಬೇಕು ಎಂದು ವಿಧಿಸಿತು. ಅದಕ್ಕೆ ಎರಡು ವರ್ಷ ಮೊದಲು, 2014ರಲ್ಲಿ, ಬಾಂಗ್ಲಾದೇಶದ ಎಲೆಯನ್ನು ಇದೇ ಕಾರಣಕ್ಕೆ ಪೂರ್ತಿ ತಡೆದಿತ್ತು. ಈ ಕಟ್ಟಳೆ ಇಡೀ ದೇಶದ ಎಲೆಗೆ ಅನ್ವಯಿಸಿದ್ದು; ಸವಣೂರಿನ ಎಲೆಗೆ ಬೆರಳು ಮಾಡಿ ಹೇಳಿದ್ದಲ್ಲ. ನಮ್ಮ ತೋಟದವರು, ಎಲೆ ಅಂಗಡಿಯವರು ಗಾಬರಿಯಾಗಬೇಕಿಲ್ಲ.

ನಮ್ಮ ಪ್ರಶ್ನೆ ಬೇರೆ. ಪ್ಯಾರಿಸ್ಸಿನಲ್ಲಿ ಕುಳಿತು ತಾಂಬೂಲ ಹಾಕುವವನ ಹೊಟ್ಟೆಗಾಗಿ ಎಲೆಗೆ ಪರೀಕ್ಷೆಯಾಗುತ್ತದೆ. ಆ ರೋಗಾಣುವಿಗೆ ತವರುಮನೆಯಂತಿರುವುದು ಕೋಳಿಯ ಕರುಳು. ರವಿವಾರ ಬೆಳಿಗ್ಗೆ ನಮ್ಮ ಗಿರಣಿ ಕಾರ್ಮಿಕ ಪೇಟೆಯಲ್ಲಿ ಸಾಲುಹಚ್ಚಿ ನಿಂತು ಕೊಳ್ಳುವ ಕೋಳಿಯ ಕರುಳಿನಲ್ಲಿ ಏನಿದೆಯೆಂದು ನೋಡುವವರಾರು? ವಾಚಕರು ತಮ್ಮ ತಮ್ಮ ಊರಿನಲ್ಲಿ ಕೇಳಿ ನೋಡಲಿ. ಕುಡಿಯುವ ನೀರಿನ ಪರೀಕ್ಷೆಯ ಮಾತನ್ನು ಒಮ್ಮೊಮ್ಮೆಯಾದರೂ ಕೇಳಿದ್ದೇವೆ. ಕೋಳಿಯ ಪರೀಕ್ಷೆಯಾಯಿತು, ಫಲಿತಾಂಶ ಇಂತಿದೆ ಎಂದು ಪುರಸಭೆಯ ಹಲಗೆಯ ಮೇಲೆ ಬರೆದದ್ದನ್ನು ಕಂಡವರು ಯಾರಾದರೂ ಇದ್ದಾರೆಯೆ?

ರೋಗಾಣುಗಳು ಎರಡು

ಕೋಳಿಯ ಕರುಳಿನಿಂದ ಮನುಷ್ಯನ ಕರುಳಿಗೆ ಬರುವ ರೋಗಾಣುಗಳಲ್ಲಿ ಮುಖ್ಯವಾದವು ಎರಡು. ಒಂದು, ಮೇಲೆ ಹೇಳಿದ ಸಾಲ್ಮೊನೆಲ್ಲಾ. 1885ರಲ್ಲಿ ಅಮೇರಿಕದಲ್ಲಿ ಇದನ್ನು ಕಂಡುಹಿಡಿದವನು ಥಿಯೋಬಾಲ್ಡ್ ಸ್ಮಿತ್. ಹೆಸರು ಸಂದದ್ದು ಅವನ ಮೇಲಧಿಕಾರಿಯಾಗಿದ್ದ ಡಾ. ಸಾಲ್ಮನ್ನನಿಗೆ. ದುಡಿದವನೊಬ್ಬ, ಹೆಸರು ಪಡೆದವನೊಬ್ಬ ಎಂಬುದು ಗಿರಣಿಯಲ್ಲಿ ಮಾತ್ರ ನಡೆಯುವ ಸಂಗತಿಯಲ್ಲವೆಂದಾಯಿತು. ಈ ಕುಲದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಬಗೆಗಳಿವೆ. ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್ ತರುವುದೂ ಇದೇ ಕುಲದ್ದು. ಆದರೆ ಅದು ಮನುಷ್ಯನಿಂದ ಮನುಷ್ಯನಿಗೇ ಹರಡುವಂಥದು, ಕೋಳಿಗೂ ಅದಕ್ಕೂ ಸಂಬಂಧವಿಲ್ಲ. ಕೋಳಿಯಲ್ಲಿರುವ ಬಗೆಗಳು ತರುವುದು ವಾಂತಿ, ಭೇದಿ, ಹೊಟ್ಟೆ ಕಡಿತ, ಜ್ವರ.

ಎರಡನೆಯದು ಕ್ಯಾಂಪಿಲೊಬ್ಯಾಕ್ಟರ್. ಹೆಸರು ಬಾಯಿಗೆ ಕಷ್ಟ, ಕೆಲಸ ಹೊಟ್ಟೆಗೆ ಕಷ್ಟ. ನಮ್ಮ ಮೈಯ ಬಿಸಿ 37 ಡಿಗ್ರಿಯಾದರೆ ಕೋಳಿಯದು 41-42 ಡಿಗ್ರಿ. ಈ ರೋಗಾಣು ಸುಖವಾಗಿ ಬೆಳೆಯುವುದೂ 42 ಡಿಗ್ರಿಯ ಸುತ್ತಮುತ್ತಲೇ. ಅದಕ್ಕಾಗಿ ಹೇಳಿ ಮಾಡಿಸಿದಂತೆ ಕೋಳಿಯ ಕರುಳು ಇದೆ. ಕೆಲವು ನೂರು ಕಣಗಳು ಒಳಗೆ ಹೋದರೂ ಸಾಕು, ಮನುಷ್ಯ ಹಾಸಿಗೆ ಹಿಡಿಯುತ್ತಾನೆ.

ಇದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ನಮ್ಮ ವಾದವೆಲ್ಲ ಅದರಲ್ಲಿಯೇ ಇದೆ. 1977ರ ತನಕ ಈ ರೋಗಾಣುವಿನಿಂದ ಭೇದಿಯಾಗುತ್ತದೆಂದು ಹೆಚ್ಚಿನ ವೈದ್ಯರಿಗೆ ಗೊತ್ತಿರಲಿಲ್ಲ. ಆ ವರ್ಷ ಇಂಗ್ಲೆಂಡಿನ ವೂಸ್ಟರ್ ಎಂಬ ಊರಿನ ಆಸ್ಪತ್ರೆಯ ಪ್ರಯೋಗಶಾಲೆಯ ವೈದ್ಯ ಮಾರ್ಟಿನ್ ಸ್ಕಿರೋ ಎಂಬಾತ ಒಂದು ಸುಲಭವಾದ ಕ್ರಮವನ್ನು ತೋರಿಸಿಕೊಟ್ಟ. ಬೇರೆ ಸೂಕ್ಷ್ಮಜೀವಿಗಳನ್ನು ತಡೆಯುವ ಔಷಧ ಬೆರೆಸಿದ ತಟ್ಟೆ, ಹೆಚ್ಚಿನ ಬಿಸಿ, ಕಡಿಮೆ ಆಮ್ಲಜನಕ, ಇಷ್ಟೇ. ಹೀಗೆ ನೋಡಿದೊಡನೆ ಭೇದಿಯ ರೋಗಿಗಳಲ್ಲಿ ಅದು ಸಾಲುಸಾಲಾಗಿ ಕಾಣಿಸತೊಡಗಿತು. 1977ರಲ್ಲಿ ರೋಗ ಹೊಸದಾಗಿ ಹುಟ್ಟಿತೆ? ಇಲ್ಲ. ಅಲ್ಲಿಯವರೆಗೆ ಯಾರೂ ಸರಿಯಾಗಿ ನೋಡಿರಲಿಲ್ಲ. ವೂಸ್ಟರ್ ಏನೂ ಮಹಾನಗರವಲ್ಲ. ನಮ್ಮ ಜಿಲ್ಲಾ ಊರುಗಳಂಥ ಒಂದು ಊರು. ಅಲ್ಲೊಂದು ಪ್ರಯೋಗಶಾಲೆಯಿತ್ತು, ನೋಡುವ ಮನಸ್ಸುಳ್ಳ ಒಬ್ಬ ವೈದ್ಯನಿದ್ದ.

ಮಂಗ ಸತ್ತು ಹೇಳಿತು, ಕೋಳಿ ಹೇಳುವುದಿಲ್ಲ

ಪ್ರಾಣಿಯಿಂದ ಮನುಷ್ಯನಿಗೆ ಬರುವ ರೋಗದ ಪಾಠ ನಮಗೆ ಹೊಸದಲ್ಲ. ನಮ್ಮ ಹಾನಗಲ್ಲು, ಹಿರೇಕೆರೂರು ತಾಲೂಕುಗಳ ಮಗ್ಗುಲಲ್ಲೇ ಸೊರಬ ತಾಲೂಕು. 1957ರಲ್ಲಿ ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಹಿಂದೆಯೇ ಜನರಿಗೆ ಜ್ವರ ಬಂತು. ಪುಣೆಯ ವಿಷಾಣು ಸಂಶೋಧನಾ ಕೇಂದ್ರದವರು ಬಂದು ಸತ್ತ ಮಂಗದಿಂದಲೇ ರೋಗದ ಮೂಲವನ್ನು ಹಿಡಿದರು. ಮಂಗನ ಕಾಯಿಲೆ ಎಂದು ಹಳ್ಳಿಗರು ಇಟ್ಟ ಹೆಸರೇ ಇಂದಿಗೂ ನಿಂತಿದೆ. ಅಲ್ಲಿ ಮಂಗ ತಾನು ಸತ್ತು ಮನುಷ್ಯನಿಗೆ ಸುದ್ದಿ ಕೊಟ್ಟಿತು.

ಹಕ್ಕಿಜ್ವರವೂ ಹಾಗೆಯೇ. 2020ರ ಮಾರ್ಚ್ ತಿಂಗಳಲ್ಲಿ ನಮ್ಮ ನೆರೆಯ ಹರಿಹರ ತಾಲೂಕಿನ ಬನ್ನಿಕೋಡಿನಲ್ಲಿ ಕೋಳಿಗಳು ಸತ್ತವು. ಸರಕಾರ ಓಡಿ ಬಂತು, ಕೋಳಿಗಳನ್ನು ನಾಶಪಡಿಸಿತು. ಸಾವು ಕಣ್ಣಿಗೆ ಕಾಣುತ್ತದೆ, ಆದುದರಿಂದ ಇಲಾಖೆ ಎಚ್ಚರಗೊಳ್ಳುತ್ತದೆ.

ಆದರೆ ನಾವು ಹೇಳುತ್ತಿರುವ ರೋಗಾಣುಗಳ ರೀತಿ ಬೇರೆ. ಮನುಷ್ಯನಿಗೆ ಕಾಯಿಲೆ ತರುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಹೊತ್ತ ದೊಡ್ಡ ಕೋಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೇಯುತ್ತದೆ, ತೂಕ ಬರುತ್ತದೆ, ತಕ್ಕಡಿಗೆ ಏರುತ್ತದೆ. ಸಾಕುವವನ ಕಣ್ಣಿಗೂ ಕಾಣದು, ಕೊಯ್ಯುವವನ ಕಣ್ಣಿಗೂ ಕಾಣದು, ಕೊಳ್ಳುವವನ ಕಣ್ಣಿಗೂ ಕಾಣದು. ಹುಡುಕಿದವನಿಗೆ ಮಾತ್ರ ಸಿಗುವ ಶತ್ರು ಇದು.

ಹುಡುಕುವುದು ದೊಡ್ಡ ವಿದ್ಯೆಯೆಂದು ಯಾರೂ ಹೆದರಿಸಬಾರದು. ಕೋಳಿ ಶೆಡ್ಡಿನಲ್ಲಿ ಪರೀಕ್ಷಕನು ಬೂಟಿನ ಮೇಲೆ ಒದ್ದೆ ಮಾಡಿದ ಬಟ್ಟೆಯ ಚೀಲ ಹಾಕಿಕೊಂಡು ಈ ತುದಿಯಿಂದ ಆ ತುದಿಗೆ ನಡೆದು ಬರುತ್ತಾನೆ. ನೆಲದ ಹಿಕ್ಕೆ ಆ ಬಟ್ಟೆಗೆ ಅಂಟುತ್ತದೆ. ಸಾವಿರಾರು ಕೋಳಿಗಳ ಲೆಕ್ಕವನ್ನು ಒಂದು ಜೊತೆ ಬಟ್ಟೆ ಹೇಳುತ್ತದೆ. ಬೇಕಾದರೆ ಕೋಳಿಯ ಹಿಂಭಾಗದಿಂದ ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ತೆಗೆಯುತ್ತಾರೆ. ಸಾಲ್ಮೊನೆಲ್ಲಾ ಆದರೆ ಮೊದಲು ಪೋಷಕ ದ್ರವದಲ್ಲಿ ಒಂದು ರಾತ್ರಿ ಬೆಳೆಸಿ, ಆ ಮೇಲೆ ಬೇರೆಯವು ಬೆಳೆಯದ ದ್ರವಕ್ಕೆ ಹಾಕಿ, ಕೊನೆಗೆ ಬಣ್ಣದ ತಟ್ಟೆಯ ಮೇಲೆ ಎಳೆಯುತ್ತಾರೆ. ಕೆಂಪು ತಟ್ಟೆಯ ಮೇಲೆ ನಡುವೆ ಕಪ್ಪಾದ ಚುಕ್ಕೆಗಳು ಏಳುತ್ತವೆ. ಅನುಮಾನ ಪರಿಹರಿಸಿಕೊಳ್ಳಲು ಇನ್ನೊಂದೆರಡು ದಿನ. ಒಟ್ಟು ನಾಲ್ಕೈದು ದಿನದ ಕೆಲಸ. ಈಗ ಪಿ.ಸಿ.ಆರ್. ಯಂತ್ರವಿದ್ದರೆ ಇನ್ನೂ ಬೇಗ. ಕೋವಿಡ್ ಕಾಲದಲ್ಲಿ ಈ ಯಂತ್ರದ ಹೆಸರನ್ನು ಹಳ್ಳಿಯ ಮುದುಕಿಯೂ ಕಲಿತಳು.

ಕ್ಯಾಂಪಿಲೊಬ್ಯಾಕ್ಟರಿನ ವಿಷಯದಲ್ಲಿ ಒಂದು ತೊಡಕು ಇದೆ. ಅದು ಕರುಳಿನೊಳಗೆ ಹುಲಿ, ಹೊರಗಿನ ಗಾಳಿಯಲ್ಲಿ ಇಲಿ. ಒಣಗಿದರೆ, ಗಾಳಿ ತಾಗಿದರೆ ಬೇಗ ಸಾಯುತ್ತದೆ. ಸವಣೂರಿನಲ್ಲಿ ತೆಗೆದ ಮಾದರಿಯನ್ನು ಬಸ್ಸಿನ ಮೇಲೆ ಹಾಕಿ ಬೆಂಗಳೂರಿನ ಹೆಬ್ಬಾಳದ ಪ್ರಯೋಗಶಾಲೆಗೆ ಕಳಿಸಿದರೆ, ದಾರಿಯಲ್ಲಿಯೇ ರೋಗಾಣು ಸತ್ತು ‘ಏನೂ ಇಲ್ಲ’ ಎಂಬ ವರದಿ ಬರಬಹುದು. ಸರಕಾರಿ ಕಾಗದದಲ್ಲಿ ‘ಇಲ್ಲ’ ಎಂದು ಬರೆದದ್ದೆಲ್ಲ ಇಲ್ಲವೆಂದು ತಿಳಿಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಪರೀಕ್ಷೆಯ ಜಾಗ ಹತ್ತಿರವಿರಬೇಕು ಎಂಬ ನಮ್ಮ ಬೇಡಿಕೆಗೆ ಮೊದಲ ಕಾರಣ ಇದು.

ಕಾಗೆಗೆ ಯಾರು ಉಣಿಸಿದರು?

ಹಾರುವ ಹಕ್ಕಿಗಳಲ್ಲಿಯೂ ಈ ರೋಗಾಣುಗಳಿವೆ. ಇಂಗ್ಲೆಂಡಿನಲ್ಲಿ ಬೆಳಗಿನ ಜಾವ ಮನೆಬಾಗಿಲಿಗೆ ಇಟ್ಟ ಹಾಲಿನ ಬಾಟಲಿಯ ತಗಡಿನ ಮುಚ್ಚಳವನ್ನು ಕಾಗೆಯ ಜಾತಿಯ ಹಕ್ಕಿಗಳು ಕುಕ್ಕಿ ಹಾಲು ಕುಡಿಯುತ್ತಿದ್ದವು. ಆ ಹಾಲು ಕುಡಿದವರಿಗೆ ಕ್ಯಾಂಪಿಲೊಬ್ಯಾಕ್ಟರಿನ ಭೇದಿ ಹಿಡಿದದ್ದನ್ನು ಅಲ್ಲಿಯ ವೈದ್ಯರು ತೋರಿಸಿದ್ದಾರೆ.

ನಮ್ಮ ಸುತ್ತಲೂ ಹಕ್ಕಿಗಳಿಗೆ ಬರವಿಲ್ಲ. ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಿದೆ. ಲಕ್ಷ್ಮೇಶ್ವರ ದಾಟಿ ಮುಂದೆ ಹೋದರೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ, ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ವಿಶ್ರಮಿಸುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಯಲ್ಲಿ ಸೇರಿ ಜಗತ್ತಿನ ಮಾನ್ಯತೆ ಪಡೆಯಿತು. ಇಂಥ ಕಡೆ ಚಳಿಗಾಲದಲ್ಲಿ ಹಿಕ್ಕೆ ಆರಿಸಿ ಪರೀಕ್ಷೆ ಮಾಡುವುದು ಹಕ್ಕಿಗೂ ಹಿತ, ಮನುಷ್ಯನಿಗೂ ಹಿತ.

ಹಾಗೆಂದು ಹಕ್ಕಿಯ ಮೇಲೆ ತಪ್ಪು ಹೊರಿಸಿ ಕಲ್ಲು ಬೀರುವವರ ಜೊತೆ ನಾವು ಸೇರುವುದಿಲ್ಲ. ಕೋಳಿ ಅಂಗಡಿಯ ಕರುಳು, ರೆಕ್ಕೆ, ತಲೆಗಳನ್ನು ಗೋಣಿಯಲ್ಲಿ ತುಂಬಿ ಊರ ಹೊರಗಿನ ಹಳ್ಳಕ್ಕೆ ಸುರಿಯುವವರು ಮನುಷ್ಯರು. ಅದರ ಮೇಲೆ ಕಾಗೆ, ಹದ್ದು, ಬೆಳ್ಳಕ್ಕಿ, ಬೀದಿನಾಯಿ ಎಲ್ಲ ಮುಗಿಬೀಳುತ್ತವೆ. ಅದೇ ಕಾಗೆ ಹಾರಿ ಬಂದು ಮನೆಯ ತೊಟ್ಟಿಯ ಅಂಚಿನ ಮೇಲೆ, ಎಲೆಬಳ್ಳಿಯ ಮೇಲೆ, ಕೋಳಿ ಫಾರ್ಮಿನ ನೀರಿನ ಡಬ್ಬಿಯ ಮೇಲೆ ಕೂಡುತ್ತದೆ. ಕಾಗೆಗೆ ಉಣಿಸಿದವರು ನಾವು; ಅದು ತಿರುಗಿಸಿ ಕೊಟ್ಟಿತೆಂದು ಅದನ್ನೇ ಬೈದರೆ ನ್ಯಾಯವೆ?

ಆ ಗೋಣಿಯನ್ನು ಎತ್ತುವ ಕೈಗಳ ಮಾತನ್ನೂ ಇಲ್ಲಿಯೇ ಹೇಳಬೇಕು. 2010ರ ಜುಲೈಯಲ್ಲಿ ಇದೇ ಸವಣೂರಿನಲ್ಲಿ, ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಸಮಾಜದವರು, ತಮ್ಮ ನೆಲೆ ಮತ್ತು ನೀರಿಗಾಗಿ ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ನಾಡೆಲ್ಲ ತಲೆ ತಗ್ಗಿಸಿದ ದಿನ ಅದು. ಊರಿನ ಹೊಲಸನ್ನು ಯಾರದೋ ಬರಿಗೈಗೆ ಒಪ್ಪಿಸಿ ಮರೆತುಬಿಡುವ ನಮ್ಮ ಚಟ ಅಲ್ಲಿಗೆ ಮುಗಿಯಲಿಲ್ಲ. ಕೋಳಿ ಅಂಗಡಿಯ ಕಸ ಎತ್ತುವ ಪೌರಕಾರ್ಮಿಕನಿಗೆ ಕೈಗವಸು, ಸಾಬೂನು, ನೀರು ಕೊಡದೆ ರೋಗಾಣುವಿನ ಮಾತನಾಡುವುದು ಬೂಟಾಟಿಕೆ.

ಮೂರು ದಿನದ ಪಗಾರ

ಗಿರಣಿಯ ಹಮಾಲನೊಬ್ಬನಿಗೆ ರಾತ್ರಿ ಹೊಟ್ಟೆ ಕೆಟ್ಟಿತೆನ್ನೋಣ. ಮರುದಿನ ಎದ್ದು ನಿಲ್ಲಲಾರ. ಮೂರು ದಿನ ಕೆಲಸವಿಲ್ಲ, ಮೂರು ದಿನ ಪಗಾರವಿಲ್ಲ. ಡಾಕ್ಟರರು ಕೈಗೆ ಸೂಜಿ, ಚೀಟಿಗೆ ನಾಲ್ಕು ಗುಳಿಗೆ ಬರೆಯುತ್ತಾರೆ. ಹೆಚ್ಚೆಂದರೆ ರಕ್ತದ ವಿಡಾಲ್ ಪರೀಕ್ಷೆ ಮಾಡಿಸಿ ‘ಟೈಫಾಯ್ಡ್’ ಎನ್ನುತ್ತಾರೆ. ಆ ಒಂದು ಪರೀಕ್ಷೆಯನ್ನು ನಂಬಿ ರೋಗ ನಿರ್ಣಯಿಸಲಾಗದೆಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿದ್ದ ಮಾತೇ. ಮಲವನ್ನು ಬೆಳೆಸಿ ನೋಡಿದರೆ ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯುತ್ತದೆ. ಆದರೆ ಬಡವನ ಮಲವನ್ನು ಬೆಳೆಸಿ ನೋಡುವ ಗೋಜಿಗೆ ಹೋಗುವವರು ವಿರಳ. ಅವನು ಎದ್ದು ಕೆಲಸಕ್ಕೆ ಹೋದನೆಂದರೆ ರೋಗ ವಾಸಿಯಾಯಿತು. ಅವನ ಕಾಯಿಲೆ ಯಾವ ರಿಜಿಸ್ಟರಿನಲ್ಲಿಯೂ ಸೇರದು.

ಎಲ್ಲರೂ ಹೀಗೆ ಎದ್ದು ಹೋಗುವುದಿಲ್ಲ. ಎಳೆಯ ಮಕ್ಕಳು, ಮುದುಕರು ಪ್ರಾಣಕ್ಕೆ ತಂದುಕೊಳ್ಳುತ್ತಾರೆ. ಕ್ಯಾಂಪಿಲೊಬ್ಯಾಕ್ಟರ್ ಹಿಡಿದವರಲ್ಲಿ ಅಂದಾಜು ಸಾವಿರಕ್ಕೆ ಒಬ್ಬರಿಗೆ ಭೇದಿ ನಿಂತ ಮೇಲೆ ಕಾಲಿನಿಂದ ಶಕ್ತಿ ಉಡುಗುತ್ತ ಬರುವ ಗಿಲಾನ್-ಬಾರೆ ಎಂಬ ನರದ ಕಾಯಿಲೆ ಬರುತ್ತದೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಕಡೆ ಈ ಕಾಯಿಲೆ ಶಂಕಿತರ ಸಂಖ್ಯೆ ವಾರಗಳಲ್ಲಿ 200 ದಾಟಿತು. ಕೆಲವು ರೋಗಿಗಳ ಮಲದಲ್ಲಿ ಕ್ಯಾಂಪಿಲೊಬ್ಯಾಕ್ಟರ್ ಸಿಕ್ಕಿತು. ನೀರಿನ ಮೇಲೆ ಅನುಮಾನ ಹೋಯಿತು. ಸುತ್ತಲಿನ ಕೋಳಿ ಫಾರ್ಮುಗಳಿಂದಲೂ ಮಾದರಿ ತೆಗೆದರು. ಪುಣೆಯಲ್ಲಿ ರಾಷ್ಟ್ರೀಯ ವಿಷಾಣು ಸಂಸ್ಥೆಯಿದೆ. 1957ರಲ್ಲಿ ಮಂಗನ ಕಾಯಿಲೆಯ ಮೂಲ ಹಿಡಿದ ಕೇಂದ್ರವೇ ಇಂದು ಆ ಹೆಸರಿನಿಂದ ಇದೆ. ಮನೆಯ ಪಕ್ಕದಲ್ಲೇ ಕಣ್ಣಿತ್ತು, ಆದುದರಿಂದ ಕಂಡಿತು. ಅದೇ ಸವಣೂರಿನಲ್ಲಿ ಇಬ್ಬರಿಗೋ ಮೂವರಿಗೋ ಆಗಿದ್ದರೆ? ‘ಗಾಳಿ ಹೊಡೆಯಿತು’ ಎಂದು ದೇವರಿಗೆ ಹರಕೆ ಹೊತ್ತು ಸುಮ್ಮನಾಗುತ್ತಿದ್ದೆವು.

ಔಷಧದ ಮಾತೂ ಇದೆ. ಬೇರೆಲ್ಲ ಔಷಧಗಳು ಸೋತಾಗ ಮನುಷ್ಯನಿಗೆ ಕೊಡುವ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಬೇಗ ಬೆಳೆಯಲೆಂದು ಮೇವಿನಲ್ಲಿ ಬೆರೆಸುತ್ತಿದ್ದರು. ಕೇಂದ್ರ ಸರಕಾರ 2019ರ ಜುಲೈಯಲ್ಲಿ ಅದನ್ನು ನಿಷೇಧಿಸಿತು. ಒಳ್ಳೆಯದಾಯಿತು. ಆದರೆ ಔಷಧಕ್ಕೆ ಬಗ್ಗದ ರೋಗಾಣು ಯಾವ ಶೆಡ್ಡಿನಲ್ಲಿದೆ ಎಂದು ನೋಡದಿದ್ದರೆ ನಿಷೇಧ ಪಾಲನೆಯಾಯಿತೋ ಇಲ್ಲವೋ ತಿಳಿಯುವುದು ಹೇಗೆ?

ತತ್ತಿಯನ್ನು ಬಿಡಬೇಡಿ

ಇಷ್ಟು ಓದಿ ಯಾರಾದರೂ ಕೋಳಿ, ತತ್ತಿ ಬಿಟ್ಟರೆ ನಮ್ಮ ಬರಹ ವ್ಯರ್ಥ. 2022ರಿಂದ ರಾಜ್ಯದ ಎಲ್ಲ ಕಡೆ ಸರಕಾರಿ ಶಾಲೆಯ ಮಕ್ಕಳಿಗೆ ತತ್ತಿ ಸಿಗುತ್ತಿದೆ. ಅದನ್ನು ತಪ್ಪಿಸಲು ನೆವ ಹುಡುಕುವವರಿದ್ದಾರೆ. ಅವರ ಕೈಗೆ ನಾವು ಕೋಲು ಕೊಡುವುದಿಲ್ಲ. ಈ ಎರಡೂ ರೋಗಾಣುಗಳು ಬೆಂಕಿಗೆ ಹೆದರುತ್ತವೆ. ಒಳಗಿನ ತನಕ 70 ಡಿಗ್ರಿ ಮುಟ್ಟುವಂತೆ ಬೇಯಿಸಿದರೆ ಸಾಯುತ್ತವೆ. ಗಟ್ಟಿಯಾಗಿ ಕುದಿಸಿದ ತತ್ತಿ ಮಗುವಿಗೆ ಅಮೃತ. ಅಪಾಯವಿರುವುದು ಹಸಿ ಮಾಂಸ ಮುಟ್ಟಿದ ಕೈಯಲ್ಲಿ, ಅದೇ ಹಲಗೆಯ ಮೇಲೆ, ಅದೇ ಚಾಕುವಿನಿಂದ ಹೆಚ್ಚಿದ ಹಸಿ ಉಳ್ಳಾಗಡ್ಡಿಯಲ್ಲಿ, ಮಾಂಸ ತೊಳೆದ ನೀರು ಸಿಡಿದ ಪಾತ್ರೆಯಲ್ಲಿ. ಎಗ್‌ರೈಸ್ ಗಾಡಿಯವರು, ಖಾನಾವಳಿಯವರು ಹಲಗೆ-ಚಾಕು ಎರಡು ಇಟ್ಟುಕೊಂಡು ಕೈ ಸಾಬೂನಿನಿಂದ ತೊಳೆದರೆ ಅರ್ಧ ಯುದ್ಧ ಗೆದ್ದಂತೆ.

ಉಳಿದ ಅರ್ಧ ಯುದ್ಧ ಸರಕಾರದ್ದು, ಕಂಪನಿಗಳದ್ದು. ಹೊಣೆಯೆಲ್ಲವನ್ನೂ ಅಡಿಗೆಮನೆಯ ಹೆಣ್ಣುಮಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಾರದು.

ಖರ್ಚು ಯಾರದು?

ಪರೀಕ್ಷೆ ಬೇಕೆಂದೊಡನೆ ಇನ್‌ಸ್ಪೆಕ್ಟರನು ಮೂಲೆಯ ಕೋಳಿ ಅಂಗಡಿಯವನ ಮೇಲೆ ಎರಗುವನೆಂಬ ಭಯ ಚಿಕ್ಕ ವ್ಯಾಪಾರಿಗಳಿಗಿದೆ. ಆ ಭಯ ಸುಳ್ಳಲ್ಲ. ಆದುದರಿಂದ ಈ ಮಾತು ಸ್ಪಷ್ಟವಾಗಲಿ. ಕರಾರಿನ ಸಾಕಣೆಯಲ್ಲಿ ಮರಿ ಕಂಪನಿಯದು, ಮೇವು ಕಂಪನಿಯದು, ಔಷಧ ಕಂಪನಿಯದು. ರೈತನದು ಶೆಡ್ಡು, ಕರೆಂಟು, ಬೆವರು. ಅವನಿಗೆ ಸಿಗುವುದು ಸಾಕಿದ ಕೂಲಿ. ನಮ್ಮ ಜಿಲ್ಲೆಯ ಹೊಲಗಳ ಗೋವಿನಜೋಳ ಕೋಳಿಯ ಮೇವಾಗುತ್ತದೆ, ಅದರ ಲಾಭದ ದೊಡ್ಡ ಪಾಲು ಬೇರೆಡೆಗೆ ಹೋಗುತ್ತದೆ. ಕೋಳಿ ಯಾರದೋ ಪರೀಕ್ಷೆಯ ಖರ್ಚು ಅವರದಾಗಬೇಕು.

ಇನ್ನೊಂದು ಮಾತು. ಹಕ್ಕಿಜ್ವರದಲ್ಲಿ ಕೋಳಿ ಕೊಂದರೆ ಸರಕಾರದಿಂದ ಪರಿಹಾರವುಂಟು. ಸಾಲ್ಮೊನೆಲ್ಲಾ ಸಿಕ್ಕರೆ ಪರಿಹಾರವಿಲ್ಲದೆ ಹೆಸರು ಮಾತ್ರ ಕೆಡುವುದಾದರೆ, ಯಾವ ಸಣ್ಣ ಸಾಕಣೆಗಾರ ತಾನಾಗಿ ಬಾಗಿಲು ತೆರೆದು ‘ನೋಡಿ’ ಎಂದಾನು? ಸ್ವೀಡನ್ ದೇಶದ ಆಲ್ವೆಸ್ತಾದಲ್ಲಿ 1953ರಲ್ಲಿ ಕಸಾಯಿಖಾನೆಯ ಮಾಂಸದಿಂದ ಸಾಲ್ಮೊನೆಲ್ಲಾ ಹರಡಿ ಸುಮಾರು 9000 ಜನ ಹಾಸಿಗೆ ಹಿಡಿದರು, 90 ಜನ ಸತ್ತರು. ಆ ಪೆಟ್ಟಿನಿಂದ ಆ ದೇಶ ಬುದ್ಧಿ ಕಲಿಯಿತು. ಹುಡುಕುವುದನ್ನು ಕಡ್ಡಾಯ ಮಾಡಿತು, ಸಿಕ್ಕಾಗ ಸಾಕಿದವನ ನಷ್ಟದಲ್ಲಿ ಸರಕಾರವೂ ಹೆಗಲು ಕೊಟ್ಟಿತು. ಇಂದು ಅಲ್ಲಿಯ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ಅಪರೂಪ. ಬ್ರಿಟನ್ನಿನಲ್ಲಿ 1988ರಲ್ಲಿ ಮಂತ್ರಿಣಿ ಎಡ್ವಿನಾ ಕರಿ ತತ್ತಿಯಲ್ಲಿ ಸಾಲ್ಮೊನೆಲ್ಲಾ ಇದೆಯೆಂದು ಬಾಯಿಬಿಟ್ಟು ಕುರ್ಚಿ ಕಳೆದುಕೊಂಡಳು. ತತ್ತಿಯ ವ್ಯಾಪಾರ ಒಮ್ಮೆಲೆ ಕುಸಿಯಿತು. ಆದರೆ ಹತ್ತು ವರ್ಷದೊಳಗೆ ಕೋಳಿಗಳಿಗೆ ಲಸಿಕೆ ಹಾಕುವ ಪದ್ಧತಿ ಬಂತು, ರೋಗ ಇಳಿಯಿತು, ವ್ಯಾಪಾರ ತಿರುಗಿ ಎದ್ದಿತು. ಸತ್ಯ ಹೇಳಿದರೆ ವ್ಯಾಪಾರ ಕೆಡುತ್ತದೆಂಬುದು ಅರ್ಧ ಸತ್ಯ. ಮುಚ್ಚಿಟ್ಟ ವ್ಯಾಪಾರ ಒಂದು ದಿನ ಪೂರ್ತಿ ಕೆಡುತ್ತದೆ.

ನಮ್ಮ ಬೇಡಿಕೆ ಆಕಾಶದ ಚಂದ್ರನಿಗಾಗಿ ಅಲ್ಲ. ಹಾವೇರಿಯಲ್ಲಿ ವೈದ್ಯಕೀಯ ಕಾಲೇಜು ಇದೆ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಒಂದು, ಈ ಎರಡರ ಸಹಾಯದಿಂದ ಕೋಳಿಯ ಹಿಕ್ಕೆ, ಕಾಡುಹಕ್ಕಿಯ ಹಿಕ್ಕೆ, ರೋಗಿಯ ಮಲ ಮೂರನ್ನೂ ಒಂದೇ ಕಡೆ ನೋಡುವ ಪ್ರಯೋಗಶಾಲೆ ಜಿಲ್ಲೆಯಲ್ಲಿಯೇ ಆಗಲಿ. ಎರಡು, ದೊಡ್ಡ ಫಾರ್ಮುಗಳ ಪ್ರತಿ ತಂಡದ ಕೋಳಿಗೆ ಮಾರಾಟದ ಮುಂಚೆ ಪರೀಕ್ಷೆಯಾಗಲಿ, ಖರ್ಚು ಕಂಪನಿಯದಿರಲಿ. ಮೂರು, ಸಣ್ಣ ಸಾಕಣೆಗಾರರಿಗೆ, ಜವಾರಿ ಕೋಳಿ ಸಾಕುವ ಹೆಣ್ಣುಮಕ್ಕಳಿಗೆ ಪರೀಕ್ಷೆ ಪುಕ್ಕಟೆ, ನಷ್ಟಕ್ಕೆ ಪರಿಹಾರ ಖಚಿತ. ನಾಲ್ಕು, ಕೋಳಿ ಅಂಗಡಿಯ ಕಸವನ್ನು ಪುರಸಭೆ ದಿನವೂ ಬೇರೆಯಾಗಿ ಎತ್ತಿಸಿ ಹೂಳಿಸಲಿ. ಎತ್ತುವವರಿಗೆ ರಕ್ಷಣೆ ಕೊಡಲಿ. ಐದು, ಫಲಿತಾಂಶವನ್ನು ಕಪಾಟಿನಲ್ಲಿಟ್ಟು ಬೀಗ ಹಾಕದೆ ತಿಂಗಳಿಗೊಮ್ಮೆ ಕನ್ನಡದಲ್ಲಿ ಬರೆದು ಹಲಗೆಗೆ ಹಚ್ಚಲಿ.

ಗಿರಣಿಯ ಸಂಘಗಳು, ವ್ಯಾಪಾರಸ್ಥರ ಸಂಘಗಳು ಕೂಡಿ ಈ ಐದು ಮಾತನ್ನು ಒಂದು ಅರ್ಜಿಯಾಗಿ ಬರೆದು ಪುರಸಭೆಗೂ ಜಿಲ್ಲಾಧಿಕಾರಿಗಳಿಗೂ ಕೊಡಬೇಕೆಂದು ನಮ್ಮ ಸಲಹೆ. ಪರದೇಶದವನ ಎಲೆಯಡಿಕೆಗೆ ಪರೀಕ್ಷೆಯ ಚೀಟಿ ಅಂಟಿಸುವ ಸರಕಾರಕ್ಕೆ ಸ್ವದೇಶದ ಕೂಲಿಕಾರನ ರವಿವಾರದ ಊಟಕ್ಕೂ ಒಂದು ಚೀಟಿ ಬರೆಯುವುದು ಭಾರವಾಗಬಾರದು.